ಹಳೆ ಸಾಮಾನಿನಿಂದ ಫ್ಲೈ ಕಟ್ಟುವ ಬಗೆ: ಆರಿಸುವುದು, ಪರೀಕ್ಷಿಸುವುದು, ಕಟ್ಟುವುದು

ಮೀನು ಹಿಡಿಯುವ ಫ್ಲೈ ಕಟ್ಟಲು ಶುರುಮಾಡುವವರು ಮೊದಲು ಕೇಳುವ ಪ್ರಶ್ನೆ, ‘ಏನೇನು ಸಾಮಾನು ಕೊಳ್ಳಬೇಕು?’ ಎಂದು. ಅದಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಗಾಳಕ್ಕೆ ಸುತ್ತುವ ಈ ವಸ್ತು ನೀರಿಗೆ ಬಿದ್ದ ಮೇಲೆ ಏನು ಮಾಡಬೇಕು? ತೇಲಬೇಕೆ, ಮುಳುಗಬೇಕೆ, ಅಲುಗಾಡಬೇಕೆ, ಹೊಳೆಯಬೇಕೆ? ಮೀನಿನ ಕಣ್ಣಿಗೆ ಬೀಳುವುದು ಇಷ್ಟೇ. ಹೀಗೆ ಯೋಚಿಸತೊಡಗಿದರೆ ಹರಿದ ಸ್ವೆಟರ್, ಕೆಟ್ಟ ಇಯರ್‌ಫೋನ್, ಸವೆದ ಚಪ್ಪಲಿ, ಉಡುಗೊರೆ ಸುತ್ತಿದ ಮಿಂಚುಹಾಳೆ ಎಲ್ಲವೂ ಸಾಮಾನಿನ ಪೆಟ್ಟಿಗೆಗೆ ಸೇರುತ್ತವೆ. ಈ ಮಾರ್ಗದರ್ಶಿಯಲ್ಲಿ ಹಳೆ ಸಾಮಾನನ್ನು ಅದರ ರೂಪ ನೋಡಿ ಆರಿಸುವುದಿಲ್ಲ. ನೀರಿನಲ್ಲಿ ಅದರ ನಡವಳಿಕೆ ನೋಡಿ ಆರಿಸುತ್ತೇವೆ. ಆಮೇಲೆ ಮೂರು ಫ್ಲೈಗಳನ್ನು ಮೊದಲಿನಿಂದ ಕೊನೆಯವರೆಗೆ ಕಟ್ಟುತ್ತೇವೆ.

ಹೊಸಬರಿಗೆ ಒಂದು ಮಾತು: ಫ್ಲೈ ಎಂದರೆ ಗಾಳದ ಮೇಲೆ ಗರಿ, ರೋಮ, ನೂಲು, ತಂತಿ ಸುತ್ತಿ ಮಾಡಿದ ಹುಳದ ಅಥವಾ ಮರಿಮೀನಿನ ಹೋಲಿಕೆ. ಮುಂದೆ ಗಾಳದ ಭಾಗಗಳ ಹೆಸರು ಪದೇ ಪದೇ ಬರುತ್ತದೆ. ದಾರ ಪೋಣಿಸುವ ತೂತು ಕಣ್ಣು, ನೇರ ಭಾಗ ದಂಡಿ, ತಿರುಗುವ ಕಡೆ ಬಾಗು, ಚೂಪು ತುದಿ ಮೊನೆ, ಮೊನೆಯ ಹಿಂದಿನ ಹಿಮ್ಮುಖದ ಚೂರು ಮುಳ್ಳು. ಮೊನೆಗೂ ದಂಡಿಗೂ ನಡುವಿನ ಜಾಗ ಗಾಳದ ಬಾಯಿ.

ಈ ದಾರಿ ಹೊಸದಲ್ಲ

ಹೆಸರಾಂತ ಫ್ಲೈಗಳಲ್ಲಿ ಹಲವು ಹುಟ್ಟಿದ್ದೇ ಮನೆಯ ಸಾಮಾನಿನಿಂದ. ಇಂಗ್ಲೆಂಡಿನ ಏವನ್ ನದಿಯ ಮೇಲ್ವಿಚಾರಕರಾಗಿದ್ದ ಫ್ರಾಂಕ್ ಸಾಯರ್ ತಮ್ಮ ಫೆಸೆಂಟ್ ಟೇಲ್ ನಿಂಫ್‌ನಲ್ಲಿ (ನಿಂಫ್ ಎಂದರೆ ನೀರೊಳಗಿನ ಹುಳದ ಮರಿಯಂತಿರುವ ಫ್ಲೈ) ಕಟ್ಟುವ ದಾರವನ್ನೇ ಬಿಟ್ಟು ಕೂದಲಿನಂಥ ತಾಮ್ರದ ತಂತಿ ಬಳಸಿದರು. ಕಟ್ಟುವ ಕೆಲಸವನ್ನೂ ಮುಳುಗಿಸುವ ಕೆಲಸವನ್ನೂ ಒಂದೇ ತಂತಿ ಮಾಡಿತು. ಅವರ ಇನ್ನೊಂದು ಫ್ಲೈ ಕಿಲ್ಲರ್ ಬಗ್‌ಗೆ ಬೇಕಾಗಿದ್ದದ್ದು ಚಾಡ್ವಿಕ್ಸ್ 477 ಎಂಬ ಉಣ್ಣೆ ನೂಲು. ಅದು ಹರಿದ ಕಾಲುಚೀಲ ರಫೂ ಮಾಡಲು ಮಾರುತ್ತಿದ್ದ ನೂಲು. ಒದ್ದೆಯಾದಾಗ ಅದರಲ್ಲಿ ಕಾಣುವ ನಸುಗೆಂಪು ಛಾಯೆಗಾಗಿ, ತಯಾರಿಕೆ ನಿಂತುಹೋದ ಮೇಲೂ ಜನ ಆ ನೂಲು ಸುತ್ತಿದ ಹಳೆ ಕಾರ್ಡುಗಳನ್ನು ಹುಡುಕಿ ಹುಡುಕಿ ಕೊಂಡರು. ಅಮೆರಿಕದ ಕೊಲರಾಡೊದ ಸೌತ್ ಪ್ಲಾಟ್ ನದಿಯಲ್ಲಿ 1960ರ ದಶಕದಲ್ಲಿ ಹೆಸರಾದ ಬ್ರಾಸಿ ಎಂಬ ಫ್ಲೈಯ ಮೈ ಪೂರ್ತಿ ತಾಮ್ರದ ತಂತಿಯದು. ಅಮೆರಿಕದ ಫ್ಲೈ ಲೇಖಕ ಗ್ಯಾರಿ ಲಫಾಂಟೇನ್ ತಮ್ಮ ಕ್ಯಾಡಿಸ್ ಎಂಬ ನೀರುಹುಳದ ಫ್ಲೈಗಳಿಗೆ ಪ್ರಸಿದ್ಧಿಗೆ ತಂದ ಆಂಟ್ರಾನ್ ನಾರು ಡುಪಾಂಟ್ ಕಂಪನಿಯ ನೆಲಗಂಬಳಿಯ ನಾರು. ಅದರ ಅಡ್ಡಸೀಳು ಮೂರು ಮೂಲೆಯದಾದ್ದರಿಂದ ಬೆಳಕನ್ನು ಹಿಡಿದು ಚೆಲ್ಲುತ್ತದೆ.

ಇದಕ್ಕೆ ಎದುರು ದಿಕ್ಕಿನ ಉದಾಹರಣೆಯೂ ಇದೆ. 2009ರ ಜೂನ್‌ನಲ್ಲಿ ಇಂಗ್ಲೆಂಡಿನ ಟ್ರಿಂಗ್‌ನಲ್ಲಿರುವ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಿಂದ 299 ಹಕ್ಕಿ ಚರ್ಮಗಳು ಕಳುವಾದವು. ವಿಜ್ಞಾನಿಗಳು ಶತಮಾನದಿಂದ ಕಾಪಾಡಿದ್ದ ಆ ಸಂಗ್ರಹದ ಗರಿಗಳು ಸಾಲ್ಮನ್ ಮೀನಿನ ಫ್ಲೈ ಕಟ್ಟುವವರ ಮಾರುಕಟ್ಟೆಗೆ ಹೋದವು. ಅಪರೂಪದ ಗರಿಯೇ ಬೇಕೆನ್ನುವ ಹಟ ಎಲ್ಲಿಗೆ ಮುಟ್ಟಬಹುದು ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ಹಳೆಯದರಲ್ಲಿ ಹುಡುಕಬಾರದವು

ಗಾಳ ಹೊಸದೇ ಇರಲಿ. ತುಕ್ಕು ಹಿಡಿದ ಗಾಳ ಮೀನಿನ ಬಾಯಲ್ಲೇ ಮುರಿಯುತ್ತದೆ. ಗಾಳದ ಸಂಖ್ಯೆ ದೊಡ್ಡದಾದಷ್ಟೂ ಗಾಳ ಚಿಕ್ಕದು: 14 ಎಂದರೆ 8ಕ್ಕಿಂತ ಸಣ್ಣದು. ಕಲಿಯುವವರಿಗೆ 8ರಿಂದ 12 ಸಾಕು. ಕಟ್ಟುವ ಮೊದಲೇ ಇಕ್ಕಳದಿಂದ ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿಬಿಡಿ. ಒತ್ತುವಾಗ ಗಾಳ ಮುರಿಯುವುದಿದ್ದರೆ ಕಟ್ಟುವ ಮೊದಲೇ ಮುರಿಯಲಿ. ಮೀನನ್ನು ಬಿಡುವುದೂ, ನಿಮ್ಮದೇ ಬೆರಳಿಗೆ ಚುಚ್ಚಿದರೆ ತೆಗೆಯುವುದೂ ಸುಲಭವಾಗುತ್ತದೆ.

ನೀರಿನ ಮೇಲೆ ಗರಿಯ ತುದಿಗಳ ಮೇಲೆ ನಿಲ್ಲುವ ಡ್ರೈ ಫ್ಲೈಗೆ ಬೇಕಾದ ಹ್ಯಾಕಲ್ ಗರಿಯೂ ಮನೆಯಲ್ಲಿ ಸಿಗುವುದಿಲ್ಲ. ಅದಕ್ಕೆಂದೇ ತಳಿ ಮಾಡಿದ ಹುಂಜದ ಕತ್ತಿನ ಗರಿಗೆ ಬಿರುಸಾದ, ಒಂದೇ ಉದ್ದದ ಎಳೆಗಳಿರುತ್ತವೆ. ಧೂಳು ಹೊಡೆಯುವ ಕುಂಚದ ಗರಿ ಮೆತ್ತಗಿರುತ್ತದೆ, ನೀರು ಹೀರುತ್ತದೆ. ಅದನ್ನು ಡ್ರೈ ಫ್ಲೈಗೆ ಸುತ್ತಿ ಒದ್ದಾಡುವ ಬದಲು, ತೇಲುವ ಫ್ಲೈ ಬೇಕಾದರೆ ಫೋಮ್ ಬಳಸಿ.

ಕಟ್ಟುವ ದಾರದ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ದಾರದ ದಪ್ಪವನ್ನು ಡೀನಿಯರ್‌ನಲ್ಲಿ ಅಳೆಯುತ್ತಾರೆ: 9,000 ಮೀಟರ್ ದಾರ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ. ಫ್ಲೈ ಕಟ್ಟುವ ದಾರ ಸಾಮಾನ್ಯವಾಗಿ 70ರಿಂದ 140 ಡೀನಿಯರ್. ಬಟ್ಟೆ ಹೊಲಿಯುವ ಪಾಲಿಯೆಸ್ಟರ್ ದಾರ ಹೆಚ್ಚುಕಡಿಮೆ 240. ದೊಡ್ಡ ಗಾಳಕ್ಕೆ ಅದು ಪರವಾಗಿಲ್ಲ. 12ಕ್ಕಿಂತ ಸಣ್ಣ ಗಾಳದಲ್ಲಿ ತಲೆ ಗಡ್ಡೆಕಟ್ಟಿ ಕಣ್ಣು ಮುಚ್ಚಿಹೋಗುತ್ತದೆ. ಕಸೂತಿ ಮೆಷಿನ್ನಿನ ಕೆಳಬಾಬಿನ್‌ಗೆ ಹಾಕುವ ತೆಳು ಪಾಲಿಯೆಸ್ಟರ್ ದಾರ ಸಿಕ್ಕರೆ ಒಳ್ಳೆಯದು. ತೆಳ್ಳಗೂ ಇರುತ್ತದೆ, ಚಪ್ಪಟೆಯಾಗಿ ಕೂರುತ್ತದೆ. ಹತ್ತಿ ದಾರ ಬೇಡ, ಒದ್ದೆಯಲ್ಲಿ ಕೊಳೆಯುತ್ತದೆ. ಯಾವ ದಾರವಾದರೂ ಹಳೆಯದಿದ್ದರೆ ಒಂದು ಅಡಿ ಬಿಚ್ಚಿ ಎರಡೂ ಕೈಯಲ್ಲಿ ಜಗ್ಗಿ. ಬಿಸಿಲಿನಲ್ಲಿ ಬಿದ್ದಿದ್ದ ದಾರ ತಟ್ಟನೆ ತುಂಡಾಗುತ್ತದೆ.

ನಾಲ್ಕು ಪರೀಕ್ಷೆ

ಕೈಗೆ ಸಿಕ್ಕ ಪ್ರತಿ ವಸ್ತುವನ್ನೂ ಪೆಟ್ಟಿಗೆಗೆ ಹಾಕುವ ಮುಂಚೆ ಈ ಪರೀಕ್ಷೆಗಳಿಗೆ ಒಡ್ಡಿ. ಇಡೀ ಕೆಲಸದ ಬೇರು ಇಲ್ಲಿದೆ.

ಮೊದಲನೆಯದು ಲೋಟದ ಪರೀಕ್ಷೆ. ಗಾಜಿನ ಲೋಟದಲ್ಲಿ ನೀರು ತುಂಬಿ ಒಂದು ಹನಿ ಪಾತ್ರೆ ತೊಳೆಯುವ ಸಾಬೂನು ಬೆರೆಸಿ. ಸಾಬೂನು ಏಕೆಂದರೆ ನೀರಿನ ಮೇಲ್ಮೈಯ ಬಿಗಿತ ಮುಳುಗುವ ನಾರನ್ನೂ ತೇಲಿಸಿ ಮೋಸ ಮಾಡುತ್ತದೆ. ನಾರಿನ ಚೂರನ್ನು ನೀರಿನೊಳಗೇ ಬೆರಳಿನಿಂದ ಹಿಸುಕಿ, ಗಾಳಿಗುಳ್ಳೆ ಹೊರಡಿಸಿ, ಕೈಬಿಡಿ. ಮೇಲೇರಿದರೆ ಅದು ಪಾಲಿಪ್ರೊಪಿಲೀನ್ ಅಥವಾ ಪಾಲಿಥೀನ್ ಇರಬಹುದು. ಪಾಲಿಪ್ರೊಪಿಲೀನಿನ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ ಸುಮಾರು 0.9 ಗ್ರಾಂ, ಅಂದರೆ ನೀರಿಗಿಂತ ಹಗುರ. ನೈಲಾನ್ 1.14, ಉಣ್ಣೆ ಸುಮಾರು 1.3, ಪಾಲಿಯೆಸ್ಟರ್ ಸುಮಾರು 1.38; ಮೂರೂ ಮುಳುಗುತ್ತವೆ. ಒಂದೇ ಥರ ಕಾಣುವ ಎರಡು ಬಿಳಿ ಹಗ್ಗಗಳಲ್ಲಿ ಒಂದು ತೇಲುವ ರೆಕ್ಕೆಗೆ, ಇನ್ನೊಂದು ಮುಳುಗುವ ಮೈಗೆ ಹೊಂದುತ್ತದೆಂದು ತಿಳಿಯುವುದು ಈ ಲೋಟದಿಂದಲೇ.

ಎರಡನೆಯದು ಒದ್ದೆ ಬಣ್ಣದ ಪರೀಕ್ಷೆ. ನಾರನ್ನು ನೆನೆಸಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಉಣ್ಣೆ ಒದ್ದೆಯಾದರೆ ಒಂದೆರಡು ಛಾಯೆ ಕಪ್ಪಾಗುತ್ತದೆ. ಕೆಲವು ಸಿಂಥೆಟಿಕ್ ನಾರುಗಳು ಪಾರದರ್ಶಕವಾಗಿ ಒಳಗಿನ ದಾರದ ಬಣ್ಣವನ್ನೇ ತೋರಿಸುತ್ತವೆ. ಆದ್ದರಿಂದ ಒಣಗಿದ ಬಣ್ಣ ನೋಡಿ ಯಾವ ನೂಲನ್ನೂ ಆರಿಸಬೇಡಿ, ಎಸೆಯಲೂ ಬೇಡಿ.

ಮೂರನೆಯದು ಅಲುಗಾಟ. ಚೂರನ್ನು ಚಿಮುಟದಲ್ಲಿ ಹಿಡಿದು ತುಂಬಿದ ಬಕೆಟ್ಟಿನಲ್ಲಿ ನಿಧಾನವಾಗಿ ಎಳೆಯಿರಿ, ನಿಲ್ಲಿಸಿ, ಮತ್ತೆ ಎಳೆಯಿರಿ. ಎಳೆದಾಗ ಮುದುಡಿ ನಿಲ್ಲಿಸಿದಾಗ ಅರಳುವುದು ಒಳ್ಳೆಯ ಬಾಲ. ಮುದ್ದೆಯಾಗಿ ಅಂಟಿಕೊಂಡರೆ ಅದು ಮೈಗೆ ಮಾತ್ರ.

ನಾಲ್ಕನೆಯದು ಬಣ್ಣ ಬಿಡುತ್ತದೆಯೇ ಎಂಬುದು. ಬಿಸಿನೀರಿನಲ್ಲಿ ನೆನೆಸಿ ಬಿಳಿ ಕಾಗದದ ಮೇಲೆ ಒತ್ತಿ. ಅಲಂಕಾರಕ್ಕೆ ಮಾರುವ ಗರಿಹಾರಗಳು ಬಹಳ ಬಣ್ಣ ಬಿಡುತ್ತವೆ. ನೀರು ತಿಳಿಯಾಗುವವರೆಗೆ ತೊಳೆಯಿರಿ.

ನಾರು ಯಾವುದೆಂದು ಗೊತ್ತಾಗದಿದ್ದರೆ ಒಂದು ಎಳೆಯನ್ನು ಚಿಮುಟದಲ್ಲಿ ಹಿಡಿದು, ಲೋಹದ ತಟ್ಟೆಯ ಮೇಲೆ, ಪಕ್ಕದಲ್ಲಿ ನೀರಿಟ್ಟುಕೊಂಡು ಸುಟ್ಟು ನೋಡಬಹುದು. ಉಣ್ಣೆ, ಗರಿ ಸುಟ್ಟರೆ ಕೂದಲು ಸುಟ್ಟ ವಾಸನೆ. ಹತ್ತಿ ಸುಟ್ಟರೆ ಕಾಗದದ ವಾಸನೆ, ಬೂದಿ. ನೈಲಾನ್, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತವೆ. ಕರಗಿದ ಹನಿ ಚರ್ಮಕ್ಕೆ ಅಂಟಿ ಸುಡುತ್ತದೆ, ಜೋಪಾನ.

ಎಲ್ಲಿ ಏನು ಸಿಗುತ್ತದೆ

ತಾಮ್ರದ ತಂತಿಯಿಂದ ಶುರುಮಾಡೋಣ, ಏಕೆಂದರೆ ಹಳೆ ಸಾಮಾನಿನಲ್ಲಿ ಇದರಷ್ಟು ಉಪಕಾರಿ ಬೇರೆ ಇಲ್ಲ. ತಾಮ್ರ ನೀರಿಗಿಂತ ಸುಮಾರು 9 ಪಟ್ಟು ಭಾರ. ಮೇಲೆ ಹೊದಿಕೆಯಿರುವ ಸಾಮಾನ್ಯ ಮೆದು ವಿದ್ಯುತ್ ವೈರನ್ನು ಸುಲಿದರೆ ಒಳಗೆ ತೆಳು ಎಳೆಗಳ ಕಂತೆ ಇರುತ್ತದೆ, 0.75 ಚದರ ಮಿ.ಮೀ. ವೈರಿನಲ್ಲಿ ಮಾಮೂಲಾಗಿ 0.2 ಮಿ.ಮೀ. ದಪ್ಪದ 24 ಎಳೆಗಳು. ಅಷ್ಟು ದಪ್ಪ ಮೈಮೇಲಿನ ಪಟ್ಟೆಗೂ ಸರಿ, ತೂಕಕ್ಕೂ ಸರಿ. ಕೆಟ್ಟ ಇಯರ್‌ಫೋನಿನ ವೈರಿನಲ್ಲಿ ಇನ್ನೂ ಸಣ್ಣ ಎಳೆಗಳು ಕೆಂಪು, ಹಸಿರು, ಹೊಂಬಣ್ಣದ ಮೆರುಗು ಹೊದ್ದು ಕೂತಿರುತ್ತವೆ. ಸಣ್ಣ ನಿಂಫ್‌ಗಳಿಗೆ ಸಿದ್ಧ ಸಾಮಾನು. ಆಟಿಕೆಯ ಮೋಟರಿನ ಸುರುಳಿಯೂ ಚೆನ್ನ. ಆದರೆ ಮೈಕ್ರೋವೇವ್, ಹಳೆ ಟಿವಿ, ಪವರ್ ಸಪ್ಲೈ ಇವನ್ನು ಎಂದೂ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಅವುಗಳ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು. ವೈರಿನ ಪ್ಲಾಸ್ಟಿಕ್ ಹೊದಿಕೆಯನ್ನು ಸುಟ್ಟು ತೆಗೆಯುವುದೂ ಬೇಡ, ಹೊಗೆ ವಿಷ. ಹಳೆ ಬೆಸುಗೆ ತಂತಿಯಲ್ಲಿ ಸೀಸವಿರುವ ಸಾಧ್ಯತೆ ಹೆಚ್ಚು. ಸೀಸ ನೀರುಹಕ್ಕಿಗಳನ್ನು ಕೊಲ್ಲುತ್ತದೆ, ಆದ್ದರಿಂದ ತೂಕಕ್ಕೆ ಅದನ್ನು ಮುಟ್ಟಬೇಡಿ.

ನೂಲಿಗೆ ಸ್ವೆಟರ್, ಶಾಲು, ಕಾಲುಚೀಲ, ಹೆಣಿಗೆಯಲ್ಲಿ ಉಳಿದ ಉಂಡೆ. ಬೂದು, ಕಂದು, ಪಾಚಿ ಹಸಿರು, ಮಾಸಲು ಗುಲಾಬಿ, ಈ ನಾಲ್ಕು ಬಣ್ಣದಲ್ಲಿ ಹೆಚ್ಚಿನ ನೀರುಹುಳಗಳು ಬಂದುಬಿಡುತ್ತವೆ. ಹೆಣಿಗೆ ಬಿಚ್ಚಿದ ನೂಲು ಸುರುಳಿಯಾಗಿರುತ್ತದೆ. ಮೈ ಉಬ್ಬಲು ಅದು ಒಳ್ಳೆಯದೇ, ಇಸ್ತ್ರಿ ಮಾಡಬೇಡಿ.

ಫೋಮ್‌ನಲ್ಲಿ ಎರಡು ಜಾತಿ. ಸ್ಪಂಜಿನಂತೆ ನೀರು ಕುಡಿಯುವುದು ಒಂದು; ಒಳಗಿನ ಗುಳ್ಳೆಗಳು ಮುಚ್ಚಿಕೊಂಡಿರುವುದು ಇನ್ನೊಂದು. ನಮಗೆ ಬೇಕಾದದ್ದು ಎರಡನೆಯದು. ಚೂರನ್ನು ನೀರಿನೊಳಗೆ ಹಿಸುಕಿ, ಹೊರತೆಗೆದು ಮತ್ತೆ ಹಿಸುಕಿದಾಗ ನೀರು ಸುರಿಯಬಾರದು. ಹವಾಯಿ ಚಪ್ಪಲಿ, ಮಕ್ಕಳ ಕರಕುಶಲ ಹಾಳೆ, ವ್ಯಾಯಾಮದ ಚಾಪೆಗಳಲ್ಲಿ ಇಂಥದ್ದು ಸಿಗುತ್ತದೆ. 2 ಮಿ.ಮೀ. ಹಾಳೆ ಎಲ್ಲಕ್ಕಿಂತ ಅನುಕೂಲ. ಚಪ್ಪಲಿಯನ್ನು ಹೊಸ ಬ್ಲೇಡಿನಿಂದ ಅಡ್ಡಕ್ಕೆ ತೆಳ್ಳಗೆ ಸೀಳಬಹುದು, ಅಂಗೈಯನ್ನು ಬ್ಲೇಡಿನ ದಾರಿಯಿಂದ ದೂರವಿಡಿ. ಬಿಳಿ ಥರ್ಮೋಕೋಲ್ ಬಿಟ್ಟುಬಿಡಿ: ಅದು ಉದುರಿ ನೀರಿಗೆ ಸೇರುತ್ತದೆ, ಉಗುರುಬಣ್ಣ ತಾಗಿದರೆ ಕರಗಿಯೂ ಹೋಗುತ್ತದೆ. ಇದೇ ಕಾರಣಕ್ಕೆ ಸಡಿಲ ಮಿನುಗುಪುಡಿಯನ್ನೂ ನಾನು ಬಳಸುವುದಿಲ್ಲ. ಮೀನು ಬಾಳುವ ನೀರಿಗೆ ಪ್ಲಾಸ್ಟಿಕ್ ಪುಡಿ ಚೆಲ್ಲಿ ಮೀನು ಹಿಡಿಯುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಫ್ಲೈಗೆ ಹಾಕಿದ್ದು ಫ್ಲೈಯಲ್ಲೇ ಉಳಿಯಬೇಕು.

ಗರಿಗಳು: ಹಳೆ ದಿಂಬು ಮತ್ತು ಜಾಕೆಟ್ಟಿನಲ್ಲಿ ಬಾತು, ಹೆಬ್ಬಾತುಗಳ ಪುಟ್ಟ ಗರಿ, ಧೂಳಿನ ಕುಂಚದಲ್ಲಿ ಹುಂಜದ ಇಲ್ಲವೇ ಉಷ್ಟ್ರಪಕ್ಷಿಯ ಗರಿ, ಅಲಂಕಾರದ ಗರಿಹಾರದಲ್ಲಿ ಟರ್ಕಿ ಕೋಳಿಯ ಮರಬು, ನೀರಿನಲ್ಲಿ ಉಸಿರಾಡಿದಂತೆ ಅಲುಗುವ ಮೆತ್ತನೆ ಗರಿ. ಉಷ್ಟ್ರಪಕ್ಷಿಯ ಒಂದೊಂದು ಎಳೆಯೂ ನೀರುಹುಳದ ಕಿವಿರಿಗೆ ಹೇಳಿಮಾಡಿಸಿದ್ದು. ದಾರಿಯಲ್ಲಿ ಬಿದ್ದ ಕಾಡುಹಕ್ಕಿಯ ಗರಿಯನ್ನು ಎತ್ತಿಕೊಳ್ಳಬೇಡಿ. ರೋಗ, ಹೇನುಗಳ ಮಾತು ಒಂದು ಕಡೆ. ಅನೇಕ ದೇಶಗಳಲ್ಲಿ ಅದನ್ನು ಇಟ್ಟುಕೊಳ್ಳುವುದೇ ಅಪರಾಧ. ಅಮೆರಿಕದಲ್ಲಿ ವಲಸೆ ಹಕ್ಕಿಗಳ 1918ರ ಕಾಯಿದೆಯಡಿ ಉದುರಿದ ಗರಿಗೂ ರಕ್ಷಣೆಯಿದೆ.

ನಾಯಿ, ಬೆಕ್ಕುಗಳನ್ನು ಬಾಚಿದಾಗ ಬಾಚಣಿಗೆಗೆ ಸಿಕ್ಕುವ ಒಳರೋಮ ಡಬ್ಬಿಂಗ್‌ಗೆ (ದಾರಕ್ಕೆ ಹೊಸೆಯುವ ಸಡಿಲ ನಾರು, ವಿವರ ಮುಂದಿದೆ) ಅತ್ಯುತ್ತಮ. ಒಳಗಿನ ಮೆತ್ತನೆ ರೋಮ ಮೈ ತುಂಬುತ್ತದೆ, ಹೊರಗಿನ ಬಿರುಸು ಕೂದಲು ಕಾಲುಗಳಂತೆ ಚಾಚುತ್ತದೆ, ಎರಡನ್ನೂ ಬೆರೆಸಿ. ಹುಳನಾಶಕ ಔಷಧಿ ಹಾಕಿದ ಹೊಸತರಲ್ಲಿ ಬಾಚಿದ ರೋಮ ಬೇಡ. ಆ ಔಷಧಿಗಳಲ್ಲಿ ಕೆಲವು ನೀರುಹುಳಗಳಿಗೆ ಮಾರಕ.

ಉಳಿದವು ಬೇಗ ಬೇಗ. ಉಡುಗೊರೆಯ ಮಿಂಚುಹಾಳೆ, ಕುರುಕಲು ಪೊಟ್ಟಣದ ಬೆಳ್ಳಿ ಒಳಮೈ: 1 ಮಿ.ಮೀ. ಪಟ್ಟಿ ಮಾಡಿದರೆ ಹೊಳಪು. ತೆಳು ಪ್ಲಾಸ್ಟಿಕ್ ಚೀಲದ ಪಟ್ಟಿ: ನೀರುಸಿಗಡಿಯ ಬೆನ್ನಿನ ಚಿಪ್ಪು. ಹಳೆ ಕ್ಯಾಸೆಟ್ಟಿನ ಟೇಪು: ನಿಂಫ್‌ನ ಕಂದು ರೆಕ್ಕೆಗೂಡು. ಚಿತ್ರ ಬರೆಯುವ ಸಿಂಥೆಟಿಕ್ ಕುಂಚದ ಎಳೆಗಳು ತುದಿಗೆ ಹೋಗುತ್ತಾ ಸಣ್ಣಗಾಗುತ್ತವೆ, ಮೇಫ್ಲೈ ಎಂಬ ನೀರುಹುಳದ ಬಾಲಕ್ಕೆ ಅಂಗಡಿಯ ನಾರಿನಷ್ಟೇ ಚೆನ್ನ. ಕೀಲಿಗೊಂಚಲಿನ ಮಣಿಸರಪಳಿಯಿಂದ ಎರಡೆರಡು ಮಣಿ ಕತ್ತರಿಸಿದರೆ ಮರಿಮೀನಿನ ಕಣ್ಣು. ಕತ್ತರಿಸುವಾಗ ಮಣಿ ಸಿಡಿಯುತ್ತದೆ, ಕನ್ನಡಕ ಹಾಕಿಕೊಳ್ಳಿ. ನೈಲಾನ್ ಗಾಳದಾರದ ತುದಿಗೆ ಬೆಂಕಿ ತಾಗಿಸಿದರೆ ಕರಗಿ ಗುಂಡಾಗುತ್ತದೆ, ಅದು ಸಿಗಡಿಯ ಕಣ್ಣು.

ತೊಳೆದು, ಹುಳ ಕೊಂದು ಇಡುವುದು

ಗರಿ, ರೋಮ, ಉಣ್ಣೆ ಯಾವುದೇ ಹಳೆ ಮನೆಯಿಂದ ಬಂದರೂ ಬಟ್ಟೆ ತಿನ್ನುವ ನುಸಿಯ ಮೊಟ್ಟೆ ಜೊತೆಗೆ ಬಂದಿರಬಹುದು. ಒಂದು ಮೊಟ್ಟೆ ಸಾಕು, ವರ್ಷಗಳ ಸಂಗ್ರಹ ಪುಡಿಯಾಗುತ್ತದೆ. ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಅದ್ದಿ, ಉಜ್ಜದೆ, ಎರಡು ಸಲ ಜಾಲಿಸಿ. ನೆರಳಿನಲ್ಲಿ ಪೂರ್ತಿ ಒಣಗಿಸಿ. ಗಾಳಿ ಹೊರಹಾಕಿ ಜಿಪ್ ಚೀಲದಲ್ಲಿ ಮುಚ್ಚಿ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಫ್ರೀಜರಿನಲ್ಲಿ ಎರಡು ವಾರ ಇಡಿ. ತೆಗೆದ ಮೇಲೆ ಚೀಲ ಕೋಣೆಯ ಬಿಸಿಗೆ ಬರುವವರೆಗೆ ತೆರೆಯಬೇಡಿ, ಒಳಗೆ ಹನಿ ಕಟ್ಟುತ್ತದೆ. ಹೊಸ ಸಾಮಾನು ಈ ಶೀತವಾಸ ಮುಗಿಸದೆ ಹಳೆ ಪೆಟ್ಟಿಗೆಗೆ ಸೇರಬಾರದು.

ಬಣ್ಣ ಬದಲಿಸಬೇಕಾದರೆ ನೆನಪಿಡಿ: ವಿನೆಗರ್ ಬೆರೆಸಿದ ಬಿಸಿನೀರಿನಲ್ಲಿ ಆಹಾರದ ಬಣ್ಣ ಉಣ್ಣೆ, ಗರಿ, ರೋಮ, ನೈಲಾನ್ ಇವಕ್ಕೆ ಹಿಡಿಯುತ್ತದೆ. ಹತ್ತಿಗೂ ಪಾಲಿಯೆಸ್ಟರಿಗೂ ಹಿಡಿಯುವುದಿಲ್ಲ. ಅವಕ್ಕೆ ಪರ್ಮನೆಂಟ್ ಮಾರ್ಕರ್ ಬಳಿದು ಮೇಲೆ ವಾರ್ನಿಷ್ ಹಚ್ಚಿ.

ಡಬ್ಬಿಂಗ್ ತಯಾರಿ

ದಾರಕ್ಕೆ ಹೊಸೆದು ಗಾಳಕ್ಕೆ ಸುತ್ತುವ ಸಡಿಲ ನಾರಿಗೆ ಡಬ್ಬಿಂಗ್ ಎನ್ನುತ್ತಾರೆ. ನೂಲನ್ನು 1 ಸೆಂ.ಮೀ.ಯಷ್ಟು ಚೂರು ಮಾಡಿ, ಬೆರಳಿನಿಂದ ಹುರಿ ಬಿಚ್ಚಿ. ಮುಚ್ಚಳದ ಡಬ್ಬಿಗೆ ನಾರು, ಅರ್ಧ ನೀರು, ಒಂದು ಹನಿ ಸಾಬೂನು ಹಾಕಿ ಒಂದು ನಿಮಿಷ ಜೋರಾಗಿ ಅಲ್ಲಾಡಿಸಿ. ಜಾಲರಿಯಲ್ಲಿ ಸೋಸಿ, ಜಾಲಿಸಿ, ಹಿಂಡಿ, ಒಣಗಿಸಿ. ಬೇರೆ ಬೇರೆ ಬಣ್ಣ ಸೇರಿ ಒಂದಾಗಿರುತ್ತದೆ. ಹತ್ತಿರದಿಂದ ನೋಡಿದರೆ ಹಲವು ಬಣ್ಣ, ದೂರದಿಂದ ಒಂದೇ. ಜೀವಂತ ಹುಳದ ಮೈಯೂ ಹೀಗೇ, ಅದಕ್ಕೇ ಒಂದೇ ಬಣ್ಣದ ನೂಲಿಗಿಂತ ಬೆರಕೆಯೇ ನನಗೆ ಮೆಚ್ಚುಗೆ. ಒಂದು ಭಾಗ ಉಣ್ಣೆಗೆ ಒಂದು ಭಾಗ ರೋಮ, ಮೇಲೆ ಚಿಟಿಕೆ ಹೊಳೆಯುವ ನೆಲಗಂಬಳಿ ನಾರು ಸೇರಿಸಿ ಶುರುಮಾಡಿ. ಬಟ್ಟೆ ಒಣಗಿಸುವ ಯಂತ್ರದ ಜಾಲರಿಯ ನಾರು ಬಹಳ ಗಿಡ್ಡ, ಒಂಟಿಯಾಗಿ ಗಾಳದ ಮೇಲೆ ನಿಲ್ಲುವುದಿಲ್ಲ, ಬೆರಕೆಗೆ ಮಾತ್ರ.

ಸುತ್ತುವಾಗ ದಾರಕ್ಕೆ ಸ್ವಲ್ಪ ಮೇಣ ತಾಗಿಸಿ, ಕಣ್ಣಿಗೆ ಕಂಡೂ ಕಾಣದಷ್ಟು ನಾರು ತೆಗೆದುಕೊಂಡು, ಹೆಬ್ಬೆರಳು ತೋರುಬೆರಳ ನಡುವೆ ದೀಪದ ಬತ್ತಿ ಹೊಸೆದಂತೆ ಒಂದೇ ದಿಕ್ಕಿಗೆ ಹೊಸೆಯಿರಿ. ಹಿಂದಕ್ಕೂ ಮುಂದಕ್ಕೂ ಹೊಸೆದರೆ ಹಾಕಿದ ಹುರಿ ಬಿಚ್ಚಿಹೋಗುತ್ತದೆ.

ಉಪಕರಣ

ಗಾಳ ಹಿಡಿಯಲು ವೈಸ್ ಇಲ್ಲದಿದ್ದರೆ ಬಿಗಿಯಾಗಿ ನಿಲ್ಲುವ ಲಾಕಿಂಗ್ ಇಕ್ಕಳವನ್ನು ಮೇಜಿನ ಅಂಚಿಗೆ ಕ್ಲ್ಯಾಂಪ್ ಮಾಡಿ. ಕಾರ್ಕಿಗೆ ಚುಚ್ಚಿದ ಸೂಜಿ ನಾರು ಕೆದರಲು, ಅಂಟು ಹಚ್ಚಲು. ಸಣ್ಣ ವಿದ್ಯುತ್ ಕ್ಲಿಪ್ಪು ಗರಿ ಹಿಡಿಯಲು. ಅದರ ಹಲ್ಲಿಗೆ ತೆಳು ರಬ್ಬರ್ ಕೊಳವೆ ತೊಡಿಸಿ. ಬಾಲ್ ಪೆನ್ನಿನ ಖಾಲಿ ಕೊಳವೆಯಿಂದ ಅರ್ಧಗಂಟು ಹಾಕುವುದು ಸುಲಭ: ಕೊಳವೆಯ ತುದಿಗೆ ದಾರದ ಕುಣಿಕೆ ಸುತ್ತಿ, ಅದನ್ನು ಗಾಳದ ಕಣ್ಣಿಗೆ ತೊಡಿಸಿ, ಕುಣಿಕೆಯನ್ನು ತಲೆಯ ಮೇಲೆ ಜಾರಿಸಿ ಎಳೆದರೆ ಮುಗಿಯಿತು. ಅಂಟಿಗೆ ಬಣ್ಣವಿಲ್ಲದ ಉಗುರುಬಣ್ಣ ಸಾಕು, ಎರಡು ತೆಳು ಲೇಪ. ದಾರದ ಉಂಡೆ ಹಿಡಿದು ಕೊಳವೆಯಿಂದ ದಾರ ಬಿಡುವ ಬಾಬಿನ್ ಹಿಡಿಕೆ ಮಾತ್ರ ಕೊಳ್ಳಿ. ಮನೆಯಲ್ಲಿ ಮಾಡಿದ ಕೊಳವೆಯ ಅಂಚು ಸ್ವಲ್ಪ ಒರಟಾದರೂ ಪ್ರತಿ ಫ್ಲೈಯಲ್ಲೂ ದಾರ ಕತ್ತರಿಸುತ್ತದೆ.

ಮೊದಲ ಫ್ಲೈ: ಸ್ವೆಟರ್ ನೂಲು, ವೈರಿನ ತಾಮ್ರ

ಸಾಯರ್‌ರ ಕಿಲ್ಲರ್ ಬಗ್ ಹಾದಿಯದು. ನೀರುಸಿಗಡಿ, ಹುಳದ ಮರಿ ಎರಡನ್ನೂ ಹೋಲುತ್ತದೆ. ಕಲಿಯಲು ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ, ಏಕೆಂದರೆ ದಾರವೇ ಬೇಡ.

1. 10 ಅಥವಾ 12ನೇ ಗಾಳವನ್ನು ಬಾಗಿನಲ್ಲಿ ಹಿಡಿಸಿ. ದಂಡಿ ಅಡ್ಡಕ್ಕೆ ನೇರವಾಗಿರಲಿ.

2. 30 ಸೆಂ.ಮೀ. ತಾಮ್ರದ ಎಳೆ ತೆಗೆದುಕೊಳ್ಳಿ. ಕಣ್ಣಿನ ಹಿಂದೆ 2 ಮಿ.ಮೀ. ಬಿಟ್ಟು, ತುದಿಯನ್ನು ದಂಡಿಗೆ ಒತ್ತಿಹಿಡಿದು ಅದರ ಮೇಲೆಯೇ ಐದಾರು ಸುತ್ತು ಹಾಕಿ. ಬಲಗೈಯವರು ಮೇಲಿನಿಂದ ಆಚೆಗೆ, ಕೆಳಗಿನಿಂದ ತಮ್ಮ ಕಡೆಗೆ ಸುತ್ತಬೇಕು. ಸುತ್ತುಗಳು ಒಂದಕ್ಕೊಂದು ತಾಗಿಕೊಂಡು ಬಾಗಿನವರೆಗೆ ಹೋಗಲಿ.

3. ಭಾರ ಬೇಕಾದರೆ ಮತ್ತೆ ಮುಂದಕ್ಕೆ ಬಂದು ಹಿಂದಕ್ಕೆ ಹೋಗಿ. ಎರಡನೇ, ಮೂರನೇ ಪದರ ನಡುವಿನಲ್ಲಿ ಮಾತ್ರ ಇದ್ದರೆ ಮೈ ತಾನಾಗಿ ಉಬ್ಬುತ್ತದೆ. ತಂತಿ ಬಾಗಿನ ಬಳಿ ಕೊನೆಗಾಣಲಿ, ಕತ್ತರಿಸಬೇಡಿ.

4. ನೂಲಿನ ತುದಿಯನ್ನು ಕೆದರಿ ತೆಳ್ಳಗೆ ಮಾಡಿ, ಬಾಗಿನ ಬಳಿ ತಂತಿಯ ಮೂರು ಸುತ್ತಿನಿಂದ ಬಿಗಿಯಿರಿ. ನೂಲು ದಪ್ಪವಿದ್ದರೆ ಹುರಿ ಬಿಚ್ಚಿ ಒಂದೇ ಎಳೆ ಬಳಸಿ.

5. ನೂಲನ್ನು ಕಣ್ಣಿನ ಕಡೆಗೆ ಸುತ್ತಿ. ಕಣ್ಣಿನ ಹಿಂದೆ 2 ಮಿ.ಮೀ. ತಲುಪಿದಾಗ ತಿರುಗಿ, ಅದೇ ಬಿಗಿಯಲ್ಲಿ ಬಾಗಿಗೆ ಮರಳಿ. ಅತಿಯಾಗಿ ಬಿಗಿದರೆ ಮೈ ಮರದ ತುಂಡಾಗುತ್ತದೆ. ಒಳಗೆ ಸ್ವಲ್ಪ ಗಾಳಿ, ಬೆಳಕು ಇರಲಿ.

6. ನೂಲಿನ ಕೊನೆಯನ್ನು ತಂತಿಯ ನಾಲ್ಕು ಬಿಗಿ ಸುತ್ತಿನಿಂದ ಕಟ್ಟಿ, ನೂಲು ಕತ್ತರಿಸಿ, ತಂತಿಗೆ ಎರಡು ಅರ್ಧಗಂಟು ಹಾಕಿ. ತಂತಿಯನ್ನು ಕತ್ತರಿಯಿಂದ ಕತ್ತರಿಸಬೇಡಿ. ಹಿಂದಕ್ಕೂ ಮುಂದಕ್ಕೂ ಬಾಗಿಸಿದರೆ ಬುಡದಲ್ಲೇ ಮುರಿಯುತ್ತದೆ, ಚುಚ್ಚುವ ತುದಿ ಉಳಿಯುವುದಿಲ್ಲ. ಗಂಟಿನ ಮೇಲೆ ಒಂದು ಹನಿ ಉಗುರುಬಣ್ಣ.

ಇದನ್ನು ಲೋಟದ ನೀರಿಗೆ ಹಾಕಿ ಬಣ್ಣ ನೋಡಿ. ಒಳಗಿನ ತಾಮ್ರದ ಕೆಂಪು ನೂಲಿನ ಮೂಲಕ ಸುಳಿದಂತೆ ಕಂಡರೆ ಆ ನೂಲನ್ನು ಜೋಪಾನವಾಗಿ ಎತ್ತಿಡಿ.

ಎರಡನೆಯದು: ಚಪ್ಪಲಿ ಫೋಮಿನ ಜೀರುಂಡೆ

8ರಿಂದ 12ರ ಗಾಳ, 2 ಮಿ.ಮೀ. ಫೋಮಿನ ಪಟ್ಟಿ, ಅಗಲ ಗಾಳದ ಬಾಯಿಯಷ್ಟು. ಅದಕ್ಕಿಂತ ಅಗಲವಾದರೆ ಮೊನೆ ಮುಚ್ಚಿ ಮೀನು ಸಿಕ್ಕುವುದಿಲ್ಲ.

1. ದಂಡಿಯುದ್ದಕ್ಕೂ ದಾರ ಸುತ್ತಿ ಒರಟು ತಳಪಾಯ ಮಾಡಿ. ನುಣುಪು ಲೋಹದ ಮೇಲೆ ಫೋಮ್ ಗಿರಕಿ ಹೊಡೆಯುತ್ತದೆ.

2. ಪಟ್ಟಿಯ ತುದಿಯನ್ನು ಚೂಪಾಗಿ ಕತ್ತರಿಸಿ ದಂಡಿಯ ಮೇಲಿಡಿ, ಉದ್ದನೆಯ ಭಾಗ ಹಿಂದಕ್ಕೆ ಚಾಚಿರಲಿ. ಮೊದಲ ಎರಡು ಸುತ್ತು ಸಡಿಲ, ಮೂರನೆಯದರಿಂದ ಬಿಗಿ. ಶುರುವಿಗೇ ಬಿಗಿದರೆ ತೆಳು ದಾರ ಫೋಮನ್ನು ಬ್ಲೇಡಿನಂತೆ ಸೀಳುತ್ತದೆ. ಹೀಗೆ ಬಾಗಿನವರೆಗೆ ಕಟ್ಟಿ.

3. ಕಪ್ಪು ನೂಲು ಅಥವಾ ರೋಮದ ಡಬ್ಬಿಂಗ್ ಅನ್ನು ದಂಡಿಯ ಮುಕ್ಕಾಲು ಭಾಗಕ್ಕೆ ಸುತ್ತಿ. ಕೆಳಗಿನಿಂದ ನೋಡುವ ಮೀನಿಗೆ ಕಾಣುವುದು ಈ ಹೊಟ್ಟೆಯೇ.

4. ಪಟ್ಟಿಯನ್ನು ಮುಂದಕ್ಕೆ ಮಡಚಿ, ಎಳೆದು ತೆಳ್ಳಗೆ ಮಾಡದೆ, ಕಣ್ಣಿನ ಹಿಂದೆ ಕಟ್ಟಿ. ಫೋಮನ್ನು ಹಿಗ್ಗಿಸಿದಷ್ಟೂ ಒಳಗಿನ ಗಾಳಿ ಕಡಿಮೆಯಾಗಿ ತೇಲುವ ಶಕ್ತಿ ಹೋಗುತ್ತದೆ.

5. ಹಳೆ ಇಲಾಸ್ಟಿಕ್ ಪಟ್ಟಿಯಿಂದ ತೆಗೆದ ರಬ್ಬರ್ ಎಳೆಗಳನ್ನು ಎರಡೂ ಬದಿ ಕಾಲುಗಳಾಗಿ ಕಟ್ಟಿ. ಬಿಸಿಲಿಗೆ ರಬ್ಬರ್ ಬಿರಿಯುತ್ತದೆ, ಹಿಗ್ಗಿಸಿ ನೋಡಿ ಗಟ್ಟಿಯಿದ್ದದ್ದು ಮಾತ್ರ.

6. ಬೆನ್ನ ಮೇಲೆ ಕಿತ್ತಳೆ ಅಥವಾ ಹಳದಿ ಫೋಮಿನ ಚಿಕ್ಕ ಚೂರು ಕಟ್ಟಿ. ಇದು ಮೀನಿಗಲ್ಲ, ದೂರದಿಂದ ಫ್ಲೈ ಹುಡುಕುವ ನಿಮ್ಮ ಕಣ್ಣಿಗೆ. ಮುಂದಿನ ಫೋಮನ್ನು 3 ಮಿ.ಮೀ. ತಲೆ ಬಿಟ್ಟು ಕತ್ತರಿಸಿ, ತಲೆಯ ಕೆಳಗೆ ಗಂಟು ಹಾಕಿ, ಹೊಟ್ಟೆಯ ಕಡೆಯ ದಾರಕ್ಕೆ ಅಂಟು ಹಚ್ಚಿ.

ಮೂರನೆಯದು: ಗರಿಹಾರದ ಮರಿಮೀನು

6ನೇ ಉದ್ದ ದಂಡಿಯ ಗಾಳ. ಕಣ್ಣಿನ ಹಿಂದೆ ದಂಡಿಯ ಕಾಲುಭಾಗ ಬಿಟ್ಟು, ಒಂದು ಜೋಡಿ ಸರಪಳಿ ಮಣಿಯನ್ನು ಮೇಲ್ಭಾಗದಲ್ಲಿ ಗುಣಾಕಾರ ಚಿಹ್ನೆಯಾಕಾರದ ಸುತ್ತುಗಳಿಂದ ಕಟ್ಟಿ, ಅಂಟು ಹಾಕಿ ಒಣಗಲು ಬಿಡಿ. ಮಣಿಗಳ ತೂಕದಿಂದ ಗಾಳ ನೀರಿನಲ್ಲಿ ತಲೆಕೆಳಗಾಗಿ, ಮೊನೆ ಮೇಲಾಗಿ ಸಾಗುತ್ತದೆ, ತಳದ ಕಲ್ಲು ಕಸಕ್ಕೆ ಸಿಕ್ಕುವುದು ಕಡಿಮೆ. ಬಾಬ್ ಕ್ಲೌಸರ್ 1987ರಲ್ಲಿ ರೂಪಿಸಿದ ಕ್ಲೌಸರ್ ಮಿನ್ನೋ ಇದೇ ತತ್ವವನ್ನು ಡಂಬೆಲ್ ಆಕಾರದ ಭಾರದ ಕಣ್ಣುಗಳಿಂದ ಸಾಧಿಸಿತು.

ಗರಿಹಾರದಿಂದ ಒಂದು ಚಿಟಿಕೆ ಮರಬು ಕಿತ್ತು ಒದ್ದೆ ಮಾಡಿ; ಒಣ ಗರಿಯ ಗಾತ್ರ ಮೋಸ ಮಾಡುತ್ತದೆ. ಒದ್ದೆಯಾದಾಗ ಬೆಂಕಿಕಡ್ಡಿಯಷ್ಟು ದಪ್ಪವಿದ್ದರೆ ಸರಿ. ಗಾಳದ ದಂಡಿಯಷ್ಟೇ ಉದ್ದದ ಬಾಲವಾಗಿ ಬಾಗಿನ ಬಳಿ ಕಟ್ಟಿ. ಎರಡೂ ಬದಿಗೆ ಎರಡೆರಡು ಮಿಂಚುಹಾಳೆಯ ಪಟ್ಟಿ. ಹೆಚ್ಚು ಹಾಕುವ ಆಸೆ ಬರುತ್ತದೆ, ಬೇಡ. ಹಾಳೆ ಬಿರುಸಾದ್ದರಿಂದ ಜಾಸ್ತಿಯಾದರೆ ಮರಬುವಿನ ಅಲುಗಾಟವನ್ನೇ ಕಟ್ಟಿಹಾಕುತ್ತದೆ. ಮೈಗೆ ತುಪ್ಪುಳಿನ ಕರಕುಶಲ ನೂಲನ್ನು ಬಾಗಿನಿಂದ ಮಣಿಗಳವರೆಗೆ ಸುತ್ತಿ, ಮಣಿಗಳ ನಡುವೆ ಒಮ್ಮೆ ಅಡ್ಡ ಹಾಯಿಸಿ, ಕಣ್ಣಿನ ಹಿಂದೆ ಕಟ್ಟಿ. ಕೊನೆಗೆ ವಿಪ್ ಫಿನಿಶ್: ದಾರವನ್ನು ಅದರದೇ ನಾಲ್ಕೈದು ಸುತ್ತುಗಳ ಅಡಿಯಲ್ಲಿ ಸಿಕ್ಕಿಸಿ ಎಳೆಯುವ ಗಂಟು. ಬಾರದಿದ್ದರೆ ನಾಲ್ಕು ಅರ್ಧಗಂಟು, ಮೇಲೆ ಅಂಟು.

ನೀರಿಗೆ ಒಯ್ಯುವ ಮುಂಚೆ

ಅಂಟು ಒಂದು ರಾತ್ರಿ ಒಣಗಲಿ. ಕಣ್ಣಿನೊಳಗೆ ಅಂಟು ಕಟ್ಟಿದ್ದರೆ ಹಸಿಯಿದ್ದಾಗಲೇ ಸೂಜಿ ಹಾಯಿಸಿ ಬಿಡಿಸಿ. ಗಾಳವನ್ನು ಹಿಡಿದು ಮೈಯನ್ನು ಬೆರಳಿನಿಂದ ತಿರುಗಿಸಲು ನೋಡಿ. ತಿರುಗಿದರೆ ತಳಪಾಯದ ಸುತ್ತು ಸಾಲದು. ಬಾಲವನ್ನು ಮೆಲ್ಲಗೆ ಜಗ್ಗಿ. ಬಕೆಟ್ಟಿನಲ್ಲಿ ಹತ್ತು ನಿಮಿಷ ನೆನೆಸಿ: ಜೀರುಂಡೆ ಇನ್ನೂ ತೇಲುತ್ತಿರಬೇಕು, ಮರಿಮೀನು ಮೊನೆ ಮೇಲಾಗಿ ಇಳಿಯಬೇಕು, ಮೊದಲ ಫ್ಲೈ ನೇರ ತಳ ಮುಟ್ಟಬೇಕು. ಯಾವ ಸಾಮಾನು ಎಲ್ಲಿಂದ ಬಂತು, ಒದ್ದೆಯಲ್ಲಿ ಹೇಗೆ ಕಂಡಿತು ಎಂದು ಪೆಟ್ಟಿಗೆಯೊಳಗೊಂದು ಚೀಟಿಯಲ್ಲಿ ಬರೆದಿಡಿ. ಹಳೆ ನೂಲು ಮುಗಿದರೆ ಅಂಗಡಿಯಲ್ಲಿ ಕೇಳಿ ತರಲು ಅದಕ್ಕೊಂದು ಸಂಖ್ಯೆಯಿರುವುದಿಲ್ಲ. ಈ ಚೀಟಿಯಿದ್ದರೆ ಅಂಥದ್ದೇ ಇನ್ನೊಂದನ್ನು ಹುಡುಕಬಹುದು.

ಫ್ಲೈ ಹರಿದುಹೋದ ಮೇಲೂ ಗಾಳದ ಮೊನೆ ಚೂಪಾಗಿದ್ದು ತುಕ್ಕಿಲ್ಲದಿದ್ದರೆ ಎಸೆಯಬೇಡಿ. ಮೊನೆಯನ್ನು ಇಕ್ಕಳದಲ್ಲಿ ಮುಚ್ಚಿ ಹಿಡಿದು, ದಂಡಿಯ ಕೆಳಭಾಗದುದ್ದಕ್ಕೂ ಬ್ಲೇಡ್ ಎಳೆದರೆ ಸುತ್ತುಗಳು ಒಟ್ಟಿಗೆ ಬಿಚ್ಚಿಕೊಳ್ಳುತ್ತವೆ. ಮಣಿ, ತಂತಿ ಮತ್ತೆ ಪೆಟ್ಟಿಗೆಗೆ ಹೋಗುತ್ತವೆ. ಹಳೆ ಅಂಟು, ನಾರು ತೆಗೆಯಲು ಗಾಳವನ್ನು ಬೆಂಕಿಗೆ ಹಿಡಿಯುವವರಿದ್ದಾರೆ, ಅದು ಮಾತ್ರ ಬೇಡ: ಕಾಯಿಸಿದ ಉಕ್ಕಿನ ಹದ ಕೆಟ್ಟು, ಮುಂದಿನ ಮೀನಿಗೆ ಗಾಳ ನೇರವಾಗಿ ಬಿಚ್ಚಿಕೊಳ್ಳುತ್ತದೆ. ಉಗುರುಬಣ್ಣ ತೆಗೆಯುವ ದ್ರವದಲ್ಲಿ ಸ್ವಲ್ಪ ಹೊತ್ತು ನೆನೆಸಿ, ಕಿಟಕಿ ತೆರೆದಿಟ್ಟು, ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಒಣಗಿಸಿ.